ಹಾಸನದ ಡಿಶ್‌ಗಳಿಂದ ನಕ್ಷತ್ರದ ಉಗುಳಿಗೆ

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬಸ್ಸು ಹಿಡಿದು ಹಾಸನಕ್ಕೆ ಓದಲು ಬರುವ ಮಕ್ಕಳಿಗೆ ಎಂಸಿಎಫ್ ಎಂದರೆ ವಿವರಿಸಬೇಕಿಲ್ಲ. 1982ರಲ್ಲಿ ಇನ್ಸಾಟ್-1ಎ ಜೊತೆಗೆ ಕೆಲಸ ಶುರುಮಾಡಿದ ಇಸ್ರೋದ ಈ ಕೇಂದ್ರ, 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಗಳನ್ನು ಕಾಯುತ್ತದೆ. ಆ ಉಪಗ್ರಹಗಳಿಗೆ ಸೂರ್ಯ ಉಗುಳುವ ಪ್ಲಾಸ್ಮಾದ, ಅಂದರೆ ವಿದ್ಯುದಾವೇಶದ ಬಿಸಿ ಅನಿಲದ, ಕಾಟವುಂಟು. ಭೌತಶಾಸ್ತ್ರದ ಪ್ರಾಜೆಕ್ಟಿಗೆ ವಿಷಯ ಹುಡುಕುವವರಿಗೆ ಕಾಂತಕ್ಷೇತ್ರ, ಪ್ಲಾಸ್ಮಾಗಳಿಗಿಂತ ಹತ್ತಿರದ ವಿಷಯ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಕ್ಯಾರಿಂಗ್‌ಟನ್ ಸೌರಕಲೆಗಳ ನಡುವೆ ಥಟ್ಟನೆ ಬೆಳಕು ಕಂಡರು. ಒಂದು ದಿನ ಕಳೆಯುವಷ್ಟರಲ್ಲಿ ಭೂಮಿಯ ಟೆಲಿಗ್ರಾಫ್ ತಂತಿಗಳು ಕೆಟ್ಟವು. ನಡುವೆ ಏನು ಹಾದುಬಂತು ಎಂಬುದು ನೂರು ವರ್ಷಕ್ಕೂ ಹೆಚ್ಚು ಕಾಲ ಒಗಟಾಗಿತ್ತು. ಮೊದಲ ಸುಳಿವು ಕಾಂತಕ್ಷೇತ್ರದ್ದು: 1908ರಲ್ಲಿ ಅಮೆರಿಕದ ಹೇಲ್, ಕಲೆಗಳ ರೋಹಿತರೇಖೆಗಳು ಸೀಳಿರುವುದನ್ನು ನೋಡಿ, ಅಲ್ಲಿ ಸುಮಾರು 3,000 ಗೌಸ್ ಕಾಂತಕ್ಷೇತ್ರವಿದೆ ಎಂದು ತೋರಿಸಿದರು. ನಮ್ಮ ಭೂಮಿಯದು ಅರ್ಧ ಗೌಸ್ ಅಷ್ಟೇ. ಮರುವರ್ಷ ಕೊಡೈಕೆನಾಲ್‌ನಲ್ಲಿ ಎವರ್ಶೆಡ್ ಕಲೆಯ ಅಂಚಿನಲ್ಲಿ ಅನಿಲ ಹೊರಕ್ಕೆ ಹರಿಯುವುದನ್ನು ಕಂಡುಹಿಡಿದರು. ಕಳೆದ ಶತಮಾನದ ಆರಂಭದಿಂದ ಅಲ್ಲಿ ತೆಗೆದ ಸೂರ್ಯನ ಚಿತ್ರಗಳು, ಕಾಂತಕ್ಷೇತ್ರ ಅಳೆಯುವ ಉಪಕರಣವೇ ಇಲ್ಲದಿದ್ದ ದಶಕಗಳ ಕಾಂತ ಇತಿಹಾಸವನ್ನು ಇಂದಿಗೂ ಬಿಡಿಸಿಕೊಡುತ್ತಿವೆ. ಭಾರತದ ಖಗೋಳವಿಜ್ಞಾನದಲ್ಲಿ ಇದಕ್ಕಿಂತ ಬೆಲೆಬಾಳುವ ಆಸ್ತಿ ಕಡಿಮೆ.

ಆ ಒಗಟಿಗೆ ಉತ್ತರ ಕೊನೆಗೂ ಸಿಕ್ಕಿತು: ಸೂರ್ಯನ ಹೊರವಾತಾವರಣವಾದ ಕರೋನಾದಿಂದ ಪ್ಲಾಸ್ಮಾ ಮುದ್ದೆಯೇ ಕಿತ್ತುಬರುವುದನ್ನು ಮೊದಲು ನೋಡಿದ್ದು 1971ರಲ್ಲಿ, ಓಎಸ್ಓ-7 ಉಪಗ್ರಹದ ಕಣ್ಣಿನಿಂದ. ತಿರುಚಿಕೊಂಡ ಕಾಂತರೇಖೆಗಳು ಹರಿದು ಹೊಸದಾಗಿ ಬೆಸೆದುಕೊಳ್ಳುವಾಗ ನೂರು ಕೋಟಿ ಟನ್ ದ್ರವ್ಯ ಹೊರಚಿಮ್ಮಬಹುದು. 1989ರ ಮಾರ್ಚ್‌ನಲ್ಲಿ ಅಂಥದ್ದೊಂದು ಬಡಿದು ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು ಒಂಬತ್ತು ಗಂಟೆ ಕರೆಂಟು ಹೋಯಿತು.

ಈ ಚಿಮ್ಮುವಿಕೆ ರೇಡಿಯೋದಲ್ಲೂ ಕೇಳಿಸುತ್ತದೆ. ಮುಂದೆ ನುಗ್ಗುವ ಆಘಾತದ ಅಲೆ, ಆವರ್ತನ ನಿಧಾನವಾಗಿ ಇಳಿಯುತ್ತ ಹೋಗುವ ಎರಡನೇ ಬಗೆಯ ಸಿಡಿತವನ್ನು ಹೊರಡಿಸುತ್ತದೆ. ಗೌರಿಬಿದನೂರಿನಲ್ಲಿ 1997ರಿಂದ ರೇಡಿಯೋ ಹೀಲಿಯೋಗ್ರಾಫ್ ಕರೋನಾವನ್ನು ಚಿತ್ರಿಸುತ್ತಿದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಸೌರನೌಕೆ ಆದಿತ್ಯ-ಎಲ್1ರಲ್ಲಿ ಸೂರ್ಯನ ತಟ್ಟೆ ಮರೆಮಾಡಿ ಕರೋನಾ ನೋಡುವ ಪ್ರಮುಖ ಉಪಕರಣ ವಿಇಎಲ್‌ಸಿ ಸಿದ್ಧವಾದದ್ದು ಹೊಸಕೋಟೆಯಲ್ಲಿ.

ಬೇರೆ ನಕ್ಷತ್ರಗಳ ಕಥೆ ಕಷ್ಟದ್ದು. ಅವು ಚುಕ್ಕೆಗಳಷ್ಟೇ, ತಟ್ಟೆ ಮರೆಮಾಡಿ ಕರೋನಾ ನೋಡುವಂತಿಲ್ಲ. 2019ರಲ್ಲಿ ಎಚ್‌ಆರ್ 9024 ನಕ್ಷತ್ರದ ಎಕ್ಸ್-ಕಿರಣಗಳಲ್ಲಿ ಇಂಥ ಚಿಮ್ಮುವಿಕೆಯ ಕುರುಹು ಸಿಕ್ಕಿತು. 2025ರಲ್ಲಿ ಒಂದು ಕೆಂಪು ಕುಬ್ಜ ನಕ್ಷತ್ರದಿಂದ ಬಂದ ಎರಡನೇ ಬಗೆಯ ರೇಡಿಯೋ ಸಿಡಿತ ವರದಿಯಾಯಿತು. ಗೌರಿಬಿದನೂರು ಸೂರ್ಯನಲ್ಲಿ ಗುರುತಿಸುವ ಸಹಿಯೇ ಅದು! ಆದರೆ ಬಲವಾದ ಕಾಂತಕ್ಷೇತ್ರ ಸ್ಫೋಟಕ್ಕೆ ಶಕ್ತಿ ಕೊಡುವಂತೆಯೇ ಅದನ್ನು ಕಟ್ಟಿಹಾಕಲೂಬಹುದೆಂದು ಗಣಕ ಮಾದರಿಗಳು ಹೇಳುತ್ತವೆ. ಯಾವಾಗ ಕೊಡುತ್ತದೆ, ಯಾವಾಗ ಕಟ್ಟುತ್ತದೆ?

ಹಾಸನದ ವಿದ್ಯಾರ್ಥಿ ಈ ಪ್ರಶ್ನೆಯನ್ನು ಸೂರ್ಯನಿಂದಲೇ ಹಿಡಿಯಬಹುದು. 2024ರ ಮೇ 10ರಂದು ಲಡಾಖ್‌ನ ಹಾನ್ಲೆಯ ಆಕಾಶವನ್ನು ತನ್ನ ಉಗುಳಿನಿಂದ ಕೆಂಪಾಗಿಸಿದ ಸೌರಕಲೆಗಳ ಗುಂಪನ್ನೇ ಆರಿಸಿಕೊಂಡರೆ, ಅದರ ದಿನದಿನದ ಕಾಂತನಕ್ಷೆಗಳೂ ಸೋಹೋ ನೌಕೆ ತೆಗೆದ ಕರೋನಾ ಚಿತ್ರಗಳೂ ಯಾರಿಗಾದರೂ ಪುಕ್ಕಟೆ ಸಿಗುತ್ತವೆ. ಲ್ಯಾಪ್‌ಟಾಪ್ ಒಂದಿದ್ದರೆ ಅಳತೆಗೆ ಕೂರಬಹುದು.