ಗಣಿತಭೀತಿ ಮತ್ತು ಮಗುವಿನ ಗಮನ

ಲೆಕ್ಕದ ತರಗತಿಯಲ್ಲಿ ತಡವರಿಸುವ ಮಗುವಿಗೆ ‘ಗಮನ ಎಲ್ಲಿದೆ?’ ಎಂಬ ಮಾತು ಬೈಗುಳವಾಗಿಯೇ ಬೀಳುವುದು ಹೆಚ್ಚು. ಅದನ್ನು ನಿಜವಾದ ಪ್ರಶ್ನೆಯೆಂದು ಎತ್ತಿಕೊಂಡರೆ ಬೇರೆಯೇ ಉತ್ತರ ಸಿಗುತ್ತದೆ: ಹೆದರಿದ ಮಗುವಿನಲ್ಲಿ ಗಮನಕ್ಕೆ ಕೊರತೆಯಿಲ್ಲ, ಅದರ ಒಂದು ಪಾಲು ಹೆದರಿಕೆಯನ್ನು ಸಂಭಾಳಿಸುವುದಕ್ಕೇ ಖರ್ಚಾಗುತ್ತಿರುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕಿರ್ಕ್ 2001ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಾದಕ್ಕೆ ಬುನಾದಿ. ಕಾಲೇಜು ವಿದ್ಯಾರ್ಥಿಗಳು ಕೆಲವು ಅಕ್ಷರಗಳನ್ನು ನೆನಪಿನಲ್ಲಿ ಹಿಡಿದುಕೊಂಡೇ ಕೂಡುವ ಲೆಕ್ಕ ಮಾಡಬೇಕಿತ್ತು. ನೆನಪಿಡಬೇಕಾದ ಅಕ್ಷರಗಳು ಹೆಚ್ಚಾಗಿ, ಲೆಕ್ಕದಲ್ಲಿ ದಶಕವೂ ಬಂದಾಗ, ಗಣಿತಭೀತಿ ಹೆಚ್ಚಿದ್ದವರ ತಪ್ಪುಗಳು ಉಳಿದವರಿಗಿಂತ ಬಹಳ ಏರಿದವು. ದಶಕವನ್ನು ‘ಕೈಯಲ್ಲಿ’ ಇಟ್ಟುಕೊಳ್ಳುವುದು ಎನ್ನುತ್ತೇವಲ್ಲ, ಮನಸ್ಸಿನ ಆ ಕೈಗೇ ಕಾರ್ಯಸ್ಮೃತಿ ಎಂದು ಹೆಸರು. ಚಿಂತೆ ಆಗಲೇ ಅದನ್ನು ಅರ್ಧ ತುಂಬಿರುತ್ತದೆ.

ಲೆಕ್ಕ ಬಾರದವರೇ ಹೆದರುತ್ತಾರೆ, ಹೆದರಿಕೆ ಕಾರಣವಲ್ಲ, ಫಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ಅದಷ್ಟೇ ನಿಜವಾಗಿದ್ದರೆ ಹೆದರಿಕೆಯ ಪೆಟ್ಟು ಸಾಮರ್ಥ್ಯ ಕಡಿಮೆಯಿದ್ದವರಲ್ಲೇ ಎದ್ದು ಕಾಣಬೇಕಿತ್ತು. ಜೆರಾರ್ಡೊ ರಮಿರೆಜ್, ಸಿಯಾನ್ ಬೈಲಾಕ್ ಮತ್ತು ಸಂಗಡಿಗರು 1 ಮತ್ತು 2ನೇ ತರಗತಿಯ ಮಕ್ಕಳಲ್ಲಿ ಕಂಡದ್ದು (2013) ಇದಕ್ಕೆ ತದ್ವಿರುದ್ಧ: ಭೀತಿ ಹೆಚ್ಚಿದಂತೆ ಸಾಧನೆ ಇಳಿದದ್ದು ಕಾರ್ಯಸ್ಮೃತಿ ಚೆನ್ನಾಗಿದ್ದ ಮಕ್ಕಳಲ್ಲಿ. ಬೆರಳೆಣಿಸುವುದನ್ನು ಬಿಟ್ಟು ಮನಸ್ಸಿನಲ್ಲೇ ಲೆಕ್ಕ ಬಿಡಿಸಬಲ್ಲ ಮಗು ಗಮನದ ಮೇಲೆ ಹೆಚ್ಚು ಭಾರ ಹಾಕುತ್ತದೆ, ಆದ್ದರಿಂದ ಚಿಂತೆಗೆ ಕಳೆದುಕೊಳ್ಳುವುದೂ ಹೆಚ್ಚು ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ‘ಜಾಣ, ಆದರೆ ಉದಾಸೀನ’ ಎಂಬ ಷರಾ ಬರೆಯುವ ಮುನ್ನ ಶಿಕ್ಷಕರು ನೆನೆಯಬೇಕಾದ ಫಲಿತಾಂಶವಿದು.

ಸ್ಟ್ಯಾನ್‌ಫರ್ಡ್‌ನಲ್ಲಿ ವಿನೋದ್ ಮೆನನ್ ಅವರ ತಂಡ 7ರಿಂದ 9 ವರ್ಷದ ಮಕ್ಕಳ ಮೆದುಳನ್ನು ಲೆಕ್ಕ ಮಾಡುವಾಗಲೇ ಪರೀಕ್ಷಿಸಿತು (2012). ಭೀತಿ ಹೆಚ್ಚಿದ್ದವರಲ್ಲಿ ಭಯಕ್ಕೆ ಸ್ಪಂದಿಸುವ ಅಮಿಗ್ಡಲ ಹೆಚ್ಚು ಚುರುಕಾಗಿತ್ತು, ಲೆಕ್ಕಕ್ಕೆ ದುಡಿಯುವ ಭಾಗಗಳು ಮಂಕಾಗಿದ್ದವು. ಬುದ್ಧಿಮತ್ತೆಯಾಗಲಿ ಸಾಮಾನ್ಯ ಆತಂಕವಾಗಲಿ ಈ ವ್ಯತ್ಯಾಸವನ್ನು ವಿವರಿಸಲಿಲ್ಲ. ಮೆದುಳಿನ ಚಿತ್ರ ಗಮನಕ್ಕೆ ನೇರ ಸಾಕ್ಷಿಯಲ್ಲ, ನಿಜ. ಇದೊಂದರ ಮೇಲೆಯೇ ವಾದ ಕಟ್ಟುವುದು ದುಡುಕು. ಮೇಲಿನ ವರ್ತನೆಯ ಪುರಾವೆಗೆ ಇದು ಹೊಂದಿಕೊಳ್ಳುತ್ತದೆ ಎನ್ನುವುದಷ್ಟೇ ನ್ಯಾಯ. ಹಾಗಿದ್ದರೆ ಮೊದಲು ಭಯ ಬಿಡಿಸಿ ಆಮೇಲೆ ಲೆಕ್ಕ ಕಲಿಸಬೇಕೇ? ಅದೇ ಪ್ರಯೋಗಾಲಯದ 2015ರ ಅಧ್ಯಯನ ಈ ಸರದಿಯನ್ನು ಒಪ್ಪುವುದಿಲ್ಲ. 3ನೇ ತರಗತಿಯ ಮಕ್ಕಳಿಗೆ 8 ವಾರ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳಿಕೊಟ್ಟದ್ದು ಗಣಿತವನ್ನೇ. ಹೆಚ್ಚು ಹೆದರುತ್ತಿದ್ದ ಮಕ್ಕಳ ಭೀತಿಯೂ ಅಮಿಗ್ಡಲದ ಚುರುಕೂ ಅಷ್ಟರಿಂದಲೇ ತಗ್ಗಿದವು.