ಪಕ್ಷೇತರ ಶಾಸಕರ ತಲೆ ಎಣಿಸುತ್ತೇವೆ, ಮಾತು ಕೇಳುತ್ತೇವೆಯೇ?

2023ರ ಮೇ ತಿಂಗಳಲ್ಲಿ ಜಗಳೂರು ಕ್ಷೇತ್ರದಲ್ಲಿ ನಡೆದದ್ದು ಮೂವರ ಓಟ. ಕಾಂಗ್ರೆಸ್‌ನ ಬಿ. ದೇವೇಂದ್ರಪ್ಪ ಗೆದ್ದರು. ಬಿಜೆಪಿಯ ಎಸ್.ವಿ. ರಾಮಚಂದ್ರ ಸೋತದ್ದು ಕೇವಲ 874 ಮತಗಳಿಂದ. ರಾಮಚಂದ್ರ ಅವರ ಬೆನ್ನಿಗೇ ಇದ್ದವರು ಪಕ್ಷೇತರರಾಗಿ ನಿಂತಿದ್ದ ಮಾಜಿ ಶಾಸಕ ಎಚ್.ಪಿ. ರಾಜೇಶ್. ಅವರಿಗೆ ಬಿದ್ದ ಮತ ಸುಮಾರು 49 ಸಾವಿರ. ಗಡಿ ದಾಟಿ ಪಕ್ಕದ ಹರಪನಹಳ್ಳಿಗೆ ಹೋದರೆ ಅಲ್ಲಿ ಪಕ್ಷೇತರ ಅಭ್ಯರ್ಥಿ ಲತಾ ಮಲ್ಲಿಕಾರ್ಜುನ್ ಗೆದ್ದೇಬಿಟ್ಟಿದ್ದರು.

ಇಷ್ಟೊಂದು ಜನ ಪಕ್ಷದ ಚಿಹ್ನೆ ಇಲ್ಲದವರಿಗೆ ಓಟು ಹಾಕುವ ಸೀಮೆಯಲ್ಲೂ ಚುನಾವಣೆ ಬಂದಾಗ ಟೀ ಅಂಗಡಿಯಲ್ಲಿ ಕೇಳೋದು ಒಂದೇ ಪ್ರಶ್ನೆ: 'ಪಕ್ಷೇತರ ಗೆದ್ರೆ ಏನ್ ಮಾಡೋಕಾಗುತ್ತೆ? ಒಬ್ರೇ ಹೋಗಿ ಕೂತ್ಕೋಬೇಕು ಅಷ್ಟೇ.' ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರವೂ ಒಂದೇ: 'ಸರ್ಕಾರಕ್ಕೆ ನಂಬರ್ ಕಮ್ಮಿ ಬಿದ್ರೆ ಮಂತ್ರಿ ಆಗ್ತಾರೆ ಬಿಡಿ.' ಪ್ರಶ್ನೆಯಲ್ಲೂ ಉತ್ತರದಲ್ಲೂ ಸದನದ ಚರ್ಚೆ ಎನ್ನುವ ಪದವೇ ಬರುವುದಿಲ್ಲ. ಶಾಸನಸಭೆ ಇರುವುದೇ ಚರ್ಚೆಗೆ, ಮತ್ತು ಆ ಚರ್ಚೆಯಲ್ಲಿ ಪಕ್ಷೇತರ ಸದಸ್ಯರಿಗೆ ಬೇರೆ ಯಾರಿಗೂ ಇಲ್ಲದ ಒಂದು ಜಾಗ ಇದೆ.

ಅದೇನೆಂದು ತಿಳಿಯಲು ಮೊದಲು ಸಂವಿಧಾನದ ಹತ್ತನೇ ಅನುಸೂಚಿ ನೋಡಬೇಕು. ನಾವು ಪಕ್ಷಾಂತರ ನಿಷೇಧ ಕಾಯ್ದೆ ಎಂದು ಕರೆಯುವುದು ಇದನ್ನೇ, 1985ರಲ್ಲಿ ಬಂತು. ಪಕ್ಷದ ಚಿಹ್ನೆಯಿಂದ ಗೆದ್ದವರು ತಮ್ಮ ಪಕ್ಷ ಹೊರಡಿಸಿದ ವಿಪ್‌ಗೆ ವಿರುದ್ಧವಾಗಿ ಮತ ಹಾಕಿದರೆ, ಅಥವಾ ಮತ ಹಾಕದೆ ಹೊರಗುಳಿದರೆ, ಪಕ್ಷ ಕ್ಷಮಿಸದಿದ್ದಲ್ಲಿ ಸ್ಥಾನ ಕಳೆದುಕೊಳ್ಳುತ್ತಾರೆ. ಅಂದರೆ ವಿಪ್ ಇರುವ ಯಾವುದೇ ವಿಷಯದಲ್ಲಿ ಎದುರು ಬೆಂಚಿನವರು ಎಷ್ಟೇ ಚೆನ್ನಾಗಿ ವಾದ ಮಂಡಿಸಿದರೂ ಈ ಕಡೆಯ ಒಬ್ಬ ಸದಸ್ಯನ ಮತವೂ ಕಾನೂನುಬದ್ಧವಾಗಿ ಅಲುಗುವುದಿಲ್ಲ. ಮಾತು ಕೇಳಿ ಮನಸ್ಸು ಬದಲಾಗಬಹುದು, ಮತ ಬದಲಾಗುವಂತಿಲ್ಲ. ಪಕ್ಷೇತರರಿಗೆ ವಿಪ್ ಕೊಡುವವರೇ ಇಲ್ಲ. ಚರ್ಚೆ ಪೂರ್ತಿ ಕೇಳಿ, 'ಹೌದು, ಇವರು ಹೇಳಿದ್ದು ಸರಿ' ಎಂದು ತೀರ್ಮಾನಿಸಿ ಬಟನ್ ಒತ್ತುವ ಸ್ವಾತಂತ್ರ್ಯ ಪೂರ್ತಿಯಾಗಿ ಉಳಿದಿರುವುದು ಅವರಿಗೇ.

ಅವರಿಗೂ ಒಂದು ಬೇಲಿ ಇದೆ. ಪಕ್ಷೇತರರಾಗಿ ಗೆದ್ದ ಮೇಲೆ ಯಾವುದೇ ಪಕ್ಷ ಸೇರಿದರೆ ಸದಸ್ಯತ್ವ ಹೋಗುತ್ತದೆ. ಬೆಂಬಲ ಕೊಡಬಹುದು, ಸೇರುವಂತಿಲ್ಲ. ಮಂಡ್ಯದಲ್ಲಿ 2019ರಲ್ಲಿ 1,25,876 ಮತಗಳ ಅಂತರದಿಂದ ಗೆದ್ದ ಸುಮಲತಾ ಅಂಬರೀಶ್ 2023ರ ಮಾರ್ಚ್‌ನಲ್ಲಿ ಬಿಜೆಪಿಗೆ ಬೆಂಬಲ ಘೋಷಿಸಿದರೂ ಪಕ್ಷ ಸೇರಿದ್ದು 2024ರ ಏಪ್ರಿಲ್‌ನಲ್ಲಿ, ಮುಂದಿನ ಲೋಕಸಭಾ ಚುನಾವಣೆ ಘೋಷಣೆಯಾದ ಮೇಲೆ. ಆ ಒಂದು ವರ್ಷದ ಅಂತರ ಅರ್ಥವಾಗಬೇಕಿದ್ದರೆ ಈ ನಿಯಮ ಗೊತ್ತಿರಬೇಕು.

ಇನ್ನೊಂದು ಗೊಂದಲ. ಟಿವಿಯವರು ಸಣ್ಣ ಪಕ್ಷದ ಏಕೈಕ ಶಾಸಕರನ್ನೂ 'ಪಕ್ಷೇತರ' ಅಂತಾರೆ. ಕಾನೂನಿಗೆ ಅದು ಬೇರೆ. ಮೇಲುಕೋಟೆಯ ದರ್ಶನ್ ಪುಟ್ಟಣ್ಣಯ್ಯ ಸರ್ವೋದಯ ಕರ್ನಾಟಕ ಪಕ್ಷದಿಂದ ಗೆದ್ದವರು, ಪಕ್ಷೇತರರಲ್ಲ. ಈ ವ್ಯತ್ಯಾಸ ಎಷ್ಟು ದುಬಾರಿ ಆಗಬಹುದು ಎನ್ನುವುದು ಮುಂದೆ ಬರುತ್ತದೆ.

ನಂಬರ್ ಆದವರ ಕಥೆ

ಎಂಜಿನಿಯರಿಂಗ್ ಓದಿದವನ ಚಟ, ಲೆಕ್ಕದಿಂದಲೇ ಶುರು ಮಾಡ್ತೀನಿ. 2008ರಲ್ಲಿ 224 ಸ್ಥಾನಗಳ ಪೈಕಿ ಬಿಜೆಪಿಗೆ ಬಂದದ್ದು 110, ಕಾಂಗ್ರೆಸ್‌ಗೆ 80, ಜೆಡಿಎಸ್‌ಗೆ 28. ಉಳಿದ 6 ಮಂದಿ ಪಕ್ಷೇತರರು. ಬಹುಮತಕ್ಕೆ 113 ಬೇಕು. ಯಡಿಯೂರಪ್ಪ ಸರ್ಕಾರಕ್ಕೆ ಬೆಂಬಲ ಕೊಟ್ಟ ಐವರು ಮಂತ್ರಿಗಳಾದರು: ಹಿರಿಯೂರಿನ ಡಿ. ಸುಧಾಕರ್, ಹೊಸದುರ್ಗದ ಗೂಳಿಹಟ್ಟಿ ಶೇಖರ್, ಪಾವಗಡದ ವೆಂಕಟರಮಣಪ್ಪ, ಕನಕಗಿರಿಯ ಶಿವರಾಜ ತಂಗಡಗಿ, ಮಳವಳ್ಳಿಯ ಪಿ.ಎಂ. ನರೇಂದ್ರಸ್ವಾಮಿ. ಸಂಪುಟದ ಗರಿಷ್ಠ ಮಿತಿ 34. ಅದರಲ್ಲಿ 5, ಆರು ಜನರ ಗುಂಪಿಗೆ.

ಮಂತ್ರಿಯಾದ ದಿನವೇ ಪಕ್ಷೇತರ ಸದಸ್ಯ ಸದನದಲ್ಲಿ ಒಂದು ದೊಡ್ಡ ಹಕ್ಕು ಕಳೆದುಕೊಳ್ಳುತ್ತಾರೆ. ಮಂತ್ರಿ ಪ್ರಶ್ನೆಗೆ ಉತ್ತರ ಕೊಡಬೇಕಾದವರು, ಪ್ರಶ್ನೆ ಕೇಳುವವರಲ್ಲ. ಸಂಪುಟದ ಸಾಮೂಹಿಕ ಹೊಣೆ ಎನ್ನುವುದು ವಿಪ್‌ಗಿಂತ ಬಿಗಿ. ಹಿರಿಯೂರು, ಹೊಸದುರ್ಗ, ಪಾವಗಡ ಮೂರೂ ಬರದ ನಾಡು. ಅಲ್ಲಿನ ಜನ ಪಕ್ಷಗಳನ್ನು ತಳ್ಳಿ ಆರಿಸಿದ ಮೂರು ದನಿಗಳು ಹೀಗೆ ಸರ್ಕಾರದ ಬೆಂಚಿಗೆ ಹೋದವು. ಕ್ಷೇತ್ರಕ್ಕೆ ಅನುದಾನ ಬರುತ್ತೆ ಅನ್ನೋದು ಇದಕ್ಕೆ ಕೊಡುವ ಸಮರ್ಥನೆ, ಅದು ಪೂರ್ತಿ ಸುಳ್ಳೂ ಅಲ್ಲ.

2010ರ ಅಕ್ಟೋಬರ್‌ನಲ್ಲಿ ಈ ಐವರು, ಜೊತೆಗೆ 11 ಬಿಜೆಪಿ ಶಾಸಕರು, ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಅವರಿಗೆ ಬೆಂಬಲ ವಾಪಸಿನ ಪತ್ರ ಕೊಟ್ಟರು. ವಿಶ್ವಾಸಮತದ ಹಿಂದಿನ ದಿನ ಸ್ಪೀಕರ್ ಕೆ.ಜಿ. ಬೋಪಯ್ಯ 16 ಮಂದಿಯನ್ನೂ ಅನರ್ಹಗೊಳಿಸಿದರು. ಪಕ್ಷೇತರರ ಮೇಲಿನ ಆರೋಪ: ಇವರು ಸರ್ಕಾರದಲ್ಲಿ ಮಂತ್ರಿಗಳಾದರು, ಆದ್ದರಿಂದ ಬಿಜೆಪಿ ಸೇರಿದಂತೆಯೇ. ಅಕ್ಟೋಬರ್ 14ರ ಎರಡನೇ ವಿಶ್ವಾಸಮತದಲ್ಲಿ ಸರ್ಕಾರ 106-100ರಿಂದ ಉಳಿಯಿತು. ಅನರ್ಹಗೊಂಡ 16 ಮಂದಿ ಒಳಗಿದ್ದು ಎದುರು ಮತ ಹಾಕಿದ್ದರೆ ಫಲಿತಾಂಶ ಏನಾಗುತ್ತಿತ್ತು ಎಂದು ನೀವೇ ಕೂಡಿಸಿ ನೋಡಿ.

2011ರ ಮೇ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ರದ್ದು ಮಾಡಿತು. ಪಕ್ಷೇತರರ ಪ್ರಕರಣದಲ್ಲಿ (ಡಿ. ಸುಧಾಕರ್ ವಿರುದ್ಧ ಡಿ.ಎನ್. ಜೀವರಾಜು) ನ್ಯಾಯಾಲಯ ಹೇಳಿದ ಮುಖ್ಯ ಅಂಶ: ಸರ್ಕಾರಕ್ಕೆ ಬೆಂಬಲ ಕೊಡುವುದು, ಮಂತ್ರಿಯಾಗುವುದು ಇಷ್ಟರಿಂದಲೇ ಪಕ್ಷ ಸೇರಿದಂತೆ ಆಗುವುದಿಲ್ಲ. ದೇಶದ ಎಲ್ಲ ಪಕ್ಷೇತರ ಶಾಸಕರಿಗೂ ಅನ್ವಯಿಸುವ ಈ ತೀರ್ಪು ನಮ್ಮ ರಾಜ್ಯದ ಕೊಡುಗೆ. ನನ್ನ ಅಭಿಪ್ರಾಯದಲ್ಲಿ ತೀರ್ಪು ಸರಿ. ಪಕ್ಷೇತರರ ಸ್ವಾತಂತ್ರ್ಯಕ್ಕೆ ಬೆಲೆ ಕಟ್ಟುವ ಮಾರುಕಟ್ಟೆಗೆ ಅದರಿಂದ ಭದ್ರತೆ ಸಿಕ್ಕಿತು ಎನ್ನುವುದೂ ಅಷ್ಟೇ ಸರಿ. ಐವರಲ್ಲಿ ಸುಧಾಕರ್ ಮತ್ತು ತಂಗಡಗಿ 2023ರಲ್ಲಿ ಮತ್ತೆ ಮಂತ್ರಿಗಳಾದರು, ಈ ಸಲ ಕಾಂಗ್ರೆಸ್ ಸರ್ಕಾರದಲ್ಲಿ, ಕಾಂಗ್ರೆಸ್ ಶಾಸಕರಾಗಿ.

2019ರದ್ದು ಇನ್ನೂ ವಿಚಿತ್ರ. ಮುಳಬಾಗಿಲಿನ ಪಕ್ಷೇತರ ಎಚ್. ನಾಗೇಶ್ ಮತ್ತು ಕೆಪಿಜೆಪಿಯಿಂದ ರಾಣೆಬೆನ್ನೂರಿನಲ್ಲಿ ಗೆದ್ದ ಆರ್. ಶಂಕರ್ ಜನವರಿಯಲ್ಲಿ ಮೈತ್ರಿ ಸರ್ಕಾರದ ಬೆಂಬಲ ವಾಪಸ್ ಪಡೆದರು, ಜೂನ್‌ನಲ್ಲಿ ಅದೇ ಸರ್ಕಾರದಲ್ಲಿ ಮಂತ್ರಿಗಳಾದರು, ಜುಲೈನಲ್ಲಿ ರಾಜೀನಾಮೆ ಕೊಟ್ಟು ಮತ್ತೆ ಬೆಂಬಲ ವಾಪಸ್. ಕುಮಾರಸ್ವಾಮಿ ಅವರ ವಿಶ್ವಾಸಮತದ ಚರ್ಚೆ ಜುಲೈ 18ರಿಂದ 23ರವರೆಗೆ, ನಾಲ್ಕು ಕಲಾಪ ದಿನ ನಡೆಯಿತು. ಪಕ್ಷಾಂತರ, ಸ್ಪೀಕರ್ ಅಧಿಕಾರ, ರೆಸಾರ್ಟ್ ರಾಜಕಾರಣ, ಎಲ್ಲದರ ಮೇಲೂ ಗಂಟೆಗಟ್ಟಲೆ ಮಾತು. ಫಲಿತಾಂಶ 99-105. ಮತದಾನಕ್ಕೆ ಬಾರದ 20 ಮಂದಿಯಲ್ಲಿ ಈ ಇಬ್ಬರೂ ಇದ್ದರು.

ನಾಲ್ಕು ದಿನದ ಆ ಚರ್ಚೆ ಯಾರ ಮತವನ್ನಾದರೂ ಕಾನೂನುಬದ್ಧವಾಗಿ ಬದಲಿಸಬಹುದಾಗಿದ್ದರೆ ಅದು ಮೊದಲು ನಾಗೇಶ್ ಅವರದ್ದು. ಅವರೇ ಸದನದಲ್ಲಿ ಇರಲಿಲ್ಲ. ಒಂದು ತಿಂಗಳೊಳಗೆ ಯಡಿಯೂರಪ್ಪ ಸಂಪುಟದಲ್ಲಿ ಅಬಕಾರಿ ಸಚಿವರಾದರು. ಶಂಕರ್ ಅವರನ್ನು ಮಾತ್ರ ಸ್ಪೀಕರ್ ರಮೇಶ್ ಕುಮಾರ್ ಜುಲೈ 25ರಂದು ಅನರ್ಹಗೊಳಿಸಿದರು, ಏಕೆಂದರೆ ಅವರ ಒಂಟಿ ಸದಸ್ಯರ ಪಕ್ಷ ಜೂನ್‌ನಲ್ಲಿ ಕಾಂಗ್ರೆಸ್‌ನೊಂದಿಗೆ ವಿಲೀನವಾಗಿತ್ತು. ಮೇಲೆ ಹೇಳಿದ ದುಬಾರಿ ವ್ಯತ್ಯಾಸ ಇದೇ.

ಒಬ್ಬರೇ ಕೂತು ಏನು ಮಾಡಬಹುದು

ಮೊದಲು ಕಷ್ಟ. ಯಾವ ಚರ್ಚೆಗೆ ಎಷ್ಟು ಹೊತ್ತು ಎಂದು ನಿರ್ಧರಿಸುವುದು ಕಲಾಪ ಸಲಹಾ ಸಮಿತಿ; ಅಲ್ಲಿ ದೊಡ್ಡ ಪಕ್ಷಗಳ ನಾಯಕರದ್ದೇ ಮಾತು. ನಂತರ ಸಮಯ ಪಕ್ಷಗಳ ಬಲಕ್ಕೆ ತಕ್ಕಂತೆ ಹಂಚಿಕೆಯಾಗುತ್ತದೆ. ಪಕ್ಷೇತರರು 'ಇತರರು' ಗುಂಪಿನಲ್ಲಿ, ಸಾಮಾನ್ಯವಾಗಿ ಎಲ್ಲರ ಮಾತು ಮುಗಿದು ಸದನ ಅರ್ಧ ಖಾಲಿಯಾದ ಹೊತ್ತಿಗೆ. ಎರಡು ನಿಮಿಷವಾಗುವಷ್ಟರಲ್ಲಿ ಗಂಟೆ. ಅವಿಶ್ವಾಸ ನಿರ್ಣಯದಂಥ ದೊಡ್ಡ ಅಸ್ತ್ರಗಳು ಒಂಟಿ ಸದಸ್ಯರಿಗೆ ಎಟುಕುವುದಿಲ್ಲ. ಲೋಕಸಭೆಯಲ್ಲಿ ಅದಕ್ಕೆ ಕನಿಷ್ಠ 50 ಸದಸ್ಯರು ಎದ್ದು ನಿಲ್ಲಬೇಕು. ಖಾಸಗಿ ಮಸೂದೆ ಮಂಡಿಸಬಹುದು, ಆದರೆ ಸಂಸತ್ತಿನಲ್ಲಿ 1952ರಿಂದ ಈವರೆಗೆ ಕಾನೂನಾದ ಖಾಸಗಿ ಮಸೂದೆಗಳು 14, ಕೊನೆಯದು 1970ರಲ್ಲಿ.

ಹಾಗಿದ್ದರೆ ಉಳಿಯುವುದು ಏನು? ಪ್ರಶ್ನೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ ಪಟ್ಟಿಯಾಗುತ್ತವೆ. ಆಯ್ಕೆ ಚೀಟಿ ಎತ್ತಿದಂತೆ, ಲಾಟರಿ. ಲಾಟರಿಗೆ ಪಕ್ಷ ಗೊತ್ತಿಲ್ಲ. 300 ಜನರ ಪಕ್ಷದ ಸದಸ್ಯನಿಗೂ ಒಂಟಿ ಸದಸ್ಯನಿಗೂ ಒಂದೇ ಅವಕಾಶ. ಚುಕ್ಕೆ ಗುರುತಿನದ್ದಾದರೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಯನ್ನೂ ಎದುರಿಸಬೇಕು. ಮಂತ್ರಿ 'ಮಾಡಿಸುತ್ತೇವೆ' ಅಂದರೆ ಅದು ಸರ್ಕಾರದ ಭರವಸೆ. ಅದನ್ನು ಬೆನ್ನು ಹತ್ತಲು ನಮ್ಮ ವಿಧಾನಸಭೆಯಲ್ಲೂ ಭರವಸೆಗಳ ಸಮಿತಿ ಇದೆ.

ಮಸೂದೆ ಬಂದಾಗ ಒಬ್ಬನೇ ಸದಸ್ಯ ತಿದ್ದುಪಡಿ ಸೂಚಿಸಬಹುದು. ಧ್ವನಿಮತದಲ್ಲಿ 'ಹೌದು' ಎಂದು ಮುಗಿಸಲು ಹೊರಟಾಗ ಮತ ವಿಭಜನೆ ಕೇಳಬಹುದು. ಕೊಲ್ಲಂನ ಎನ್.ಕೆ. ಪ್ರೇಮಚಂದ್ರನ್ ಲೋಕಸಭೆಯಲ್ಲಿ ಆರ್‌ಎಸ್‌ಪಿಯ ಏಕೈಕ ಸದಸ್ಯ. ಪಕ್ಷೇತರರಲ್ಲ, ಆದರೆ ಸಂಖ್ಯೆಯ ಲೆಕ್ಕದಲ್ಲಿ ಹಾಗೇ. ಸುಗ್ರೀವಾಜ್ಞೆಗಳ ವಿರುದ್ಧ ನಿರ್ಣಯ, ಮಸೂದೆಗಳಿಗೆ ಸಾಲು ಸಾಲು ತಿದ್ದುಪಡಿ, ನಿಯಮ ಪುಸ್ತಕ ಹಿಡಿದು ಕ್ರಮಲೋಪ ಎತ್ತುವುದು: ಇದರಿಂದಲೇ ಅವರು ಪ್ರತಿ ಪ್ರಮುಖ ಚರ್ಚೆಯಲ್ಲೂ ಇರುತ್ತಾರೆ. ತಿದ್ದುಪಡಿಗಳು ಬಿದ್ದುಹೋಗುತ್ತವೆ, ಮಾತು ದಾಖಲೆಯಲ್ಲಿ ಉಳಿಯುತ್ತದೆ. ಸದನದಲ್ಲಿ ಆಡಿದ ಆ ಮಾತಿಗೆ ಯಾವ ಕೋರ್ಟಿನಲ್ಲೂ ಕೇಸು ಹಾಕುವಂತಿಲ್ಲ. ಸಂಸದರಿಗೆ 105ನೇ ವಿಧಿ, ಶಾಸಕರಿಗೆ 194ನೇ ವಿಧಿ ಆ ರಕ್ಷಣೆ ಕೊಟ್ಟಿದೆ.

ಕರ್ನಾಟಕದಿಂದ ಲೋಕಸಭೆಗೆ ಪಕ್ಷೇತರರು ಹೋಗಿರುವುದೇ ಬಹಳ ಕಮ್ಮಿ. ಸುಮಲತಾ ಅವರಿಗಿಂತ ಹಿಂದಿನವರು 1967ರಲ್ಲಿ ಕೆನರಾ ಕ್ಷೇತ್ರದಿಂದ ಗೆದ್ದ ದಿನಕರ ದೇಸಾಯಿ. ನಮಗೆ ಅವರು ಚುಟುಕು ಕವಿ. ಉತ್ತರ ಕನ್ನಡದ ರೈತರಿಗೆ ಭೂಮಾಲೀಕರ ಎದುರು ಹೋರಾಟ ಕಟ್ಟಿದವರು, ಮುಂಬೈಯಲ್ಲಿ ಹಡಗು ಕಾರ್ಮಿಕರ ಸಂಘಟನೆಯಲ್ಲಿದ್ದವರು, ಕೆನರಾ ವೆಲ್‌ಫೇರ್ ಟ್ರಸ್ಟ್ ಮೂಲಕ ಶಾಲೆಗಳನ್ನು ತೆರೆದವರು. ಅದೇ ಲೋಕಸಭೆಗೆ ಚಿತ್ರದುರ್ಗದಿಂದ ಹೋದವರು ಜಗಳೂರಿನ ಜೆ. ಮೊಹಮ್ಮದ್ ಇಮಾಂ. ಅವರು ಸ್ವತಂತ್ರ ಪಕ್ಷದವರು. ಹೆಸರಲ್ಲಿ 'ಸ್ವತಂತ್ರ', ಆದರೆ ಬೆನ್ನ ಹಿಂದೆ 44 ಸದಸ್ಯರ ಬೆಂಚು, ಆ ಸದನದ ಅತಿದೊಡ್ಡ ವಿರೋಧ ಪಕ್ಷ. ದೇಸಾಯಿ ಅವರ ಹಿಂದೆ ಬೆಂಚಿರಲಿಲ್ಲ, ದಶಕಗಳ ಸಂಘಟನೆ ಇತ್ತು. ಇಂದಿನ ಬಹುಪಾಲು ಪಕ್ಷೇತರರಿಗೆ ಇಲ್ಲದ್ದು ಅದೇ. ಟಿಕೆಟ್ ಸಿಗದೆ ಹೊರಬಂದವರಿಗೆ ಮನಸ್ಸು ಹಳೆಯ ಪಕ್ಷದ ಬಾಗಿಲಲ್ಲೇ ಇರುತ್ತದೆ.

ರಾಜ್ಯಸಭೆಯ ಪಕ್ಷೇತರರ ಕಥೆ ಬೇರೆಯೇ, ಅವರನ್ನು ಆರಿಸುವುದು ಪಕ್ಷಗಳ ಶಾಸಕರೇ. 2002 ಮತ್ತು 2010ರಲ್ಲಿ ಕರ್ನಾಟಕ ಹೀಗೆ ಕಳಿಸಿದ ಪಕ್ಷೇತರ ವಿಜಯ್ ಮಲ್ಯ. ಹೆಚ್ಚು ಹೇಳಬೇಕಿಲ್ಲ.

ಈಗ ಏಕೆ ಕೇಳಬೇಕು

2023ರಲ್ಲಿ ಕಾಂಗ್ರೆಸ್‌ಗೆ ಬಂದದ್ದು 135. ಹರಪನಹಳ್ಳಿಯ ಲತಾ ಮತ್ತು ಗೌರಿಬಿದನೂರಿನ ಪುಟ್ಟಸ್ವಾಮಿ ಗೌಡ, ಇಬ್ಬರು ಪಕ್ಷೇತರರ ಬೆಂಬಲ ಸರ್ಕಾರಕ್ಕೆ ಅಂಕಗಣಿತದಲ್ಲಿ ಬೇಕಿರಲಿಲ್ಲ. ಆದರೂ ಇಬ್ಬರೂ ಆಡಳಿತ ಪಕ್ಷದ ಕಡೆ ನಿಂತರು. 2008ರಲ್ಲಿ ಬೆಲೆ ಇದ್ದದ್ದು ನಂಬರ್‌ಗೆ. ನಂಬರ್‌ಗೆ ಬೆಲೆಯೇ ಇಲ್ಲದ ಸದನದಲ್ಲಿ ಪಕ್ಷೇತರರ ಕೈಯಲ್ಲಿ ಉಳಿಯುವುದು ಪ್ರಶ್ನೆ ಮತ್ತು ಮಾತು ಮಾತ್ರ. ಅವಕಾಶವೂ ಕಡಿಮೆ: ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಸಬೇಕೆಂದು 2005ರಲ್ಲಿ ನಾವೇ ಕಾಯ್ದೆ ಮಾಡಿಕೊಂಡಿದ್ದೇವೆ, ಅಷ್ಟು ದಿನ ಸದನ ಸೇರುವುದು ಅಪರೂಪ.

ಜಗಳೂರಿಗೆ ಇದು ಪುಸ್ತಕದ ಮಾತಲ್ಲ. ಭದ್ರಾ ಮೇಲ್ದಂಡೆ ಯೋಜನೆ 29.90 ಟಿಎಂಸಿ ನೀರಿನಲ್ಲಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿ ಕೊಡಬೇಕು. ಜಗಳೂರು ಅದರಲ್ಲಿ ಒಂದು ತಾಲ್ಲೂಕು. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಕೇಂದ್ರ ಕೊಡಲಿಲ್ಲ ಎಂದು ಕಾಂಗ್ರೆಸ್, ರಾಜ್ಯ ಕೆಲಸ ಮಾಡಲಿಲ್ಲ ಎಂದು ಬಿಜೆಪಿ. ಕಾಂಗ್ರೆಸ್ ಶಾಸಕ ರಾಜ್ಯದ ವಿಳಂಬವನ್ನು ಕೆದಕುವುದಿಲ್ಲ, ಬಿಜೆಪಿ ಶಾಸಕ ಕೇಂದ್ರದ ಬಾಕಿಯನ್ನು ಕೆದಕುವುದಿಲ್ಲ. ಯಾವ ಶಾಖಾ ಕಾಲುವೆಗೆ ಎಷ್ಟು ಭೂಸ್ವಾಧೀನ ಬಾಕಿ, ಯಾವ ಪ್ಯಾಕೇಜಿಗೆ ಎಷ್ಟು ಖರ್ಚಾಯಿತು, ದೆಹಲಿಗೆ ಯಾವ ತಾರೀಕಿಗೆ ಯಾವ ಪತ್ರ ಹೋಯಿತು, ಅದಕ್ಕೆ ಬಂದ ಉತ್ತರ ಏನು: ಒಂದೇ ಉಸಿರಿನಲ್ಲಿ ಇಬ್ಬರನ್ನೂ ಕೇಳಲು ಯಾರ ಹಂಗೂ ಇಲ್ಲದ ಒಬ್ಬ ಸದಸ್ಯ ಸಾಕು.

ಮುಂದಿನ ಸಲ ಪಕ್ಷೇತರ ಅಭ್ಯರ್ಥಿ ನಿಮ್ಮ ಬೀದಿಗೆ ಬಂದಾಗ 'ಗೆದ್ದ ಮೇಲೆ ಯಾರಿಗೆ ಸಪೋರ್ಟ್ ಮಾಡ್ತೀರಿ ಅಣ್ಣಾ?' ಅಂತ ಎಲ್ಲರೂ ಕೇಳ್ತಾರೆ. ಮೊದಲ ಅಧಿವೇಶನಕ್ಕೆ ಬರೆದಿಟ್ಟುಕೊಂಡಿರುವ ಪ್ರಶ್ನೆಗಳ ಪಟ್ಟಿ ತೋರಿಸಿ ಅಂತ ನೀವು ಕೇಳಿ.