ಗೆಲುವೂ ಇಲ್ಲ, ಸೋಲೂ ಇಲ್ಲ: ಚದುರಂಗದ ಮಣೆಯ ಸುತ್ತಲಿನ ಮಾತು

ಚದುರಂಗದ ಚರಿತ್ರೆಯೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೆದ್ದವರ ಚರಿತ್ರೆ. ಯಾವ ವರ್ಷ ಯಾರು ವಿಶ್ವ ಚಾಂಪಿಯನ್ ಆದರು, ಯಾರು ಯಾರನ್ನು ಸೋಲಿಸಿದರು ಎಂಬುದನ್ನಷ್ಟೇ ನಾವು ನೆನಪಿಟ್ಟುಕೊಳ್ಳುತ್ತೇವೆ. ಆದರೆ ಉನ್ನತ ಮಟ್ಟದ ದೀರ್ಘ ಆಟಗಳಲ್ಲಿ ಬಹುಪಾಲು ಮುಗಿಯುವುದು ಡ್ರಾದಲ್ಲಿ. ಗಂಟೆಗಟ್ಟಲೆ ಕುಳಿತು ನೋಡಿದವನಿಗೆ ಕೊನೆಗೆ ಸಿಗುವುದು ಇಬ್ಬರು ದಣಿದ ಆಟಗಾರರ ಕೈಕುಲುಕುವಿಕೆ ಮಾತ್ರ. ಹೀಗಿದ್ದರೂ ಜನ ನೋಡುತ್ತಾರೆ. ನೋಡುತ್ತ ಸುಮ್ಮನಿರುವುದಿಲ್ಲ. ನಗುತ್ತಾರೆ, ಗೇಲಿ ಮಾಡುತ್ತಾರೆ, ತಮಗೆ ಗೊತ್ತಿರುವ ಅರ್ಧ ವಿದ್ಯೆಯಲ್ಲಿ ನಡೆ ಸೂಚಿಸುತ್ತಾರೆ. ಮಣೆಯ ಮೇಲಿನ ಆಟಕ್ಕೆ ಇರುವಂತೆ ಮಣೆಯ ಸುತ್ತಲಿನ ಈ ಮಾತಿಗೂ ಒಂದು ಚರಿತ್ರೆಯಿದೆ. ಅದನ್ನು ಹುಡುಕುತ್ತ ಹೋದರೆ ನಾವು ಹತ್ತನೆಯ ಶತಮಾನದ ಬಗ್ದಾದನ್ನು ತಲುಪುತ್ತೇವೆ.

ಭಾರತದ ಚತುರಂಗ ಪರ್ಷಿಯಾಕ್ಕೆ ಹೋಗಿ, ಅಲ್ಲಿಂದ ಅರಬರ ಕೈಗೆ ಬಂದು ‘ಶತ್ರಂಜ್’ ಆಯಿತು. ಆ ಆಟ ಇಂದಿನದಕ್ಕಿಂತ ಬಹಳ ನಿಧಾನ. ಇಂದು ಮಣೆಯ ಉದ್ದಗಲಕ್ಕೂ ಓಡುವ ಮಂತ್ರಿ ಆಗ ಓರೆಯಾಗಿ ಒಂದೇ ಮನೆ ಸರಿಯಬಲ್ಲವನಾಗಿದ್ದ. ಇಂದಿನ ಒಂಟೆಯ ಜಾಗದಲ್ಲಿ ಆಗ ಆನೆಯಿತ್ತು. ಅದು ಓರೆಯಾಗಿ ಎರಡನೆಯ ಮನೆಗೆ ಜಿಗಿಯುತ್ತಿತ್ತು, ಅಷ್ಟೇ. ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ದಾಟುವ ಸೌಲಭ್ಯವೂ ಇರಲಿಲ್ಲ. ಹೀಗಾಗಿ ಎರಡು ಸೈನ್ಯಗಳು ಎದುರುಬದುರಾಗುವುದಕ್ಕೇ ಬಹಳ ಹೊತ್ತು ಹಿಡಿಯುತ್ತಿತ್ತು. ಅಂಥ ಆಟದ ಸುತ್ತ ಕುಳಿತವರು ಮಾತಾಡದೆ ಇರುವುದು ಹೇಗೆ?

ಪ್ರಸಿದ್ಧ ಇತಿಹಾಸಕಾರ ಅಲ್ ಮಸೂದಿ ಬಗ್ದಾದಿನಲ್ಲಿ ಹುಟ್ಟಿ, ಹಲವು ದೇಶ ಸುತ್ತಿ, ನಮ್ಮ ಪಶ್ಚಿಮ ಕರಾವಳಿಯನ್ನೂ ಕಂಡವನು. ಕ್ರಿ.ಶ. 956ರಲ್ಲಿ ಆತ ತೀರಿಕೊಂಡ. ‘ಮುರೂಜ್ ಅದ್-ದಹಬ್’ ಎಂಬ ತನ್ನ ಗ್ರಂಥದಲ್ಲಿ ಆತ ಶತ್ರಂಜ್ ಆಡುವವರ ಹಾಸ್ಯದ ಬಗ್ಗೆ ಬರೆದಿದ್ದಾನೆ. ಆಟಗಾರರು ಬಗೆಬಗೆಯ ಚಟಾಕಿ ಹಾರಿಸುತ್ತಾರೆ, ಅದರಿಂದ ಆಟಕ್ಕೆ ಹುರುಪು ಬರುತ್ತದೆ, ಬುದ್ಧಿ ಚುರುಕಾಗುತ್ತದೆ ಎಂದು ಹಲವರು ನಂಬುತ್ತಾರೆ ಎನ್ನುತ್ತಾನೆ. ಆ ಬಳಿಕ ಆತ ಕೊಡುವ ಹೋಲಿಕೆ ಗಮನಾರ್ಹ. ಶತ್ರುವಿನೆದುರು ಯೋಧರು ಹೇಳುವ ಕಿರುಪದ್ಯಗಳು, ಪ್ರಯಾಣದ ನಿಧಾನ ಹಾದಿಯಲ್ಲಿ ಒಂಟೆ ಹೊಡೆಯುವವರ ಹಾಡು, ಬಾವಿಯಿಂದ ನೀರೆತ್ತುವವರ ಹಾಡು, ಇವುಗಳ ಸಾಲಿಗೆ ಆತ ಚದುರಂಗದ ಹಾಸ್ಯವನ್ನು ಸೇರಿಸುತ್ತಾನೆ.

ಕಪಿಲೆ ಹೊಡೆಯುತ್ತ ಹಾಡಿದವರ, ಬೀಸುವ ಕಲ್ಲಿನ ಮುಂದೆ ಪದ ಕಟ್ಟಿದವರ ನಾಡಿನಲ್ಲಿ ಹುಟ್ಟಿದ ನಮಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ದೀರ್ಘವಾದಾಗ, ಫಲ ಕಣ್ಣಿಗೆ ಬೇಗ ಕಾಣದಿದ್ದಾಗ, ಮನುಷ್ಯ ಹಾಡುತ್ತಾನೆ ಇಲ್ಲವೇ ನಗುತ್ತಾನೆ. ಅದು ಕೆಲಸಕ್ಕೆ ಮಾಡುವ ಅವಮಾನವಲ್ಲ. ಕೆಲಸವನ್ನು ಕೈಬಿಡದಿರಲು ಕಂಡುಕೊಂಡ ದಾರಿ.

ಆದರೆ ಅದೇ ಮಸೂದಿ ಇನ್ನೊಂದು ಬಗೆಯ ಹಾಸ್ಯವನ್ನೂ ದಾಖಲಿಸಿದ್ದಾನೆ. 902ರಿಂದ 908ರವರೆಗೆ ಆಳಿದ ಅಬ್ಬಾಸಿ ಖಲೀಫ ಅಲ್ ಮುಕ್ತಫಿಯ ಆಸ್ಥಾನದಲ್ಲಿ ಅಲ್ ಮಾವರ್ದಿ ಎಂಬ ಆಟಗಾರನಿದ್ದ. ಖಲೀಫನಿಗೆ ಆತನೇ ಅಚ್ಚುಮೆಚ್ಚು. ಹೊಸದಾಗಿ ಬಂದ ಅಸ್ಸೂಲಿಯ ಎದುರು ಆತ ಆಡಲು ಕುಳಿತಾಗ ಖಲೀಫ ಬಹಿರಂಗವಾಗಿಯೇ ಮಾವರ್ದಿಯನ್ನು ಹುರಿದುಂಬಿಸಿದ. ಸಾಮ್ರಾಜ್ಯದ ಒಡೆಯನೇ ಎದುರಾಳಿಯ ಪಕ್ಷ ವಹಿಸಿದರೆ ಯಾರಿಗೆ ತಾನೇ ಧೈರ್ಯ ಉಳಿದೀತು? ಅಸ್ಸೂಲಿ ಮೊದಲು ಗಲಿಬಿಲಿಗೊಂಡ. ಬಳಿಕ ಚೇತರಿಸಿಕೊಂಡು ಸ್ಪಷ್ಟವಾಗಿ ಗೆದ್ದ. ಆಗ ಖಲೀಫ ತನ್ನ ಮೆಚ್ಚಿನವನ ಕಡೆಗೇ ತಿರುಗಿದ. ‘ಮಾವರ್ದ್’ ಎಂದರೆ ಪನ್ನೀರು. ನಿನ್ನ ಪನ್ನೀರು ಹೊಲಸು ನೀರಾಯಿತು ಎಂಬರ್ಥದಲ್ಲಿ ಆತನ ಹೆಸರನ್ನೇ ಹಿಡಿದು ಮೂದಲಿಸಿದ. ಸಭೆ ನಕ್ಕಿರಬಹುದು. ಮಾವರ್ದಿಯ ಪಾಲಿಗೆ ಅದು ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಒಂದೇ ಗ್ರಂಥಕಾರ ನಮ್ಮ ಮುಂದಿಟ್ಟ ಈ ಎರಡು ನಗೆಗಳನ್ನು ನಾವು ಬೇರ್ಪಡಿಸಿ ನೋಡಬೇಕು. ಒಂದು, ಜೊತೆಗೆ ದಣಿಯುವವರ ನಗೆ. ಇನ್ನೊಂದು, ಮೇಲೆ ಕುಳಿತು ತೀರ್ಪು ಕೊಡುವವರ ನಗೆ. ಚದುರಂಗದ ಮುಂದಿನ ಚರಿತ್ರೆಯುದ್ದಕ್ಕೂ ಇವೆರಡೂ ಜೊತೆಯಾಗಿಯೇ ಸಾಗಿ ಬಂದಿವೆ.

ಹದಿನೈದನೆಯ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಮಂತ್ರಿ ಮತ್ತು ಒಂಟೆಗೆ ಇಂದಿನ ಬಲ ಬಂತು. ಆಟದ ವೇಗ ಹೆಚ್ಚಿತು. ಆದರೂ ದೀರ್ಘ ಆಟಗಳು ಇಲ್ಲವಾಗಲಿಲ್ಲ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಅಂತಾರಾಷ್ಟ್ರೀಯ ಪಂದ್ಯಾವಳಿಯಲ್ಲಿ ಗಡಿಯಾರವೇ ಇರಲಿಲ್ಲ. ಒಂದು ನಡೆಗೆ ಎಷ್ಟು ಬೇಕಾದರೂ ಯೋಚಿಸಬಹುದಿತ್ತು. ಮುಂದೆ ಗಡಿಯಾರ ಬಂತು. ಅದು ಆಟಗಾರನ ಆಲೋಚನೆಗೆ ಮಿತಿ ಹಾಕಿತೇ ಹೊರತು ಡ್ರಾವನ್ನು ತಡೆಯಲಿಲ್ಲ.

1978ರಲ್ಲಿ ಫಿಲಿಪೈನ್ಸಿನ ಬಾಗಿಯೊದಲ್ಲಿ ಅನಾತೊಲಿ ಕಾರ್ಪೊವ್ ಮತ್ತು ಸೋವಿಯತ್ ದೇಶ ತೊರೆದು ಬಂದಿದ್ದ ವಿಕ್ಟರ್ ಕೊರ್ಚ್‌ನಾಯ್ ವಿಶ್ವ ಪಟ್ಟಕ್ಕಾಗಿ ಸೆಣಸಿದರು. ಇಬ್ಬರಿಗೂ ಮಾತುಕತೆ ಇರಲಿಲ್ಲ. ಎರಡನೆಯ ಆಟದ ನಡುವೆ ಕಾರ್ಪೊವ್‌ಗೆ ಒಂದು ಬಟ್ಟಲು ಮೊಸರು ಬಂದಾಗ, ಅದರಲ್ಲಿ ಗುಪ್ತ ಸಂದೇಶ ಇರಬಹುದೆಂದು ಎದುರು ಪಾಳಯ ದೂರು ಕೊಟ್ಟಿತು. ಈ ಮೊಸರಿನ ಪ್ರಕರಣ ಜಗತ್ತನ್ನೇ ನಗಿಸಿತು. ಐದನೆಯ ಆಟದಲ್ಲಿ ಕೊರ್ಚ್‌ನಾಯ್ ಕಣ್ಣೆದುರಿನ ಗೆಲುವನ್ನು ಕೈಬಿಟ್ಟರು. ಆಟ ಎಳೆದು ಎಳೆದು 124 ನಡೆಗಳಿಗೆ ಹೋಯಿತು. ಕೊನೆಗೆ ಕಾರ್ಪೊವ್‌ರ ರಾಜನಿಗೆ ಶಹ ಇರಲಿಲ್ಲ, ಆದರೆ ಇಡಲು ನಡೆಯೂ ಇರಲಿಲ್ಲ. ಈ ಸ್ಟೇಲ್‌ಮೇಟ್ ಇಂದಿನ ನಿಯಮದಲ್ಲಿ ಡ್ರಾ. ಬಗ್ದಾದಿನ ಶತ್ರಂಜ್‌ನಲ್ಲಿ ಎದುರಾಳಿಯನ್ನು ಹೀಗೆ ಕಟ್ಟಿಹಾಕಿದರೆ ಅದು ಗೆಲುವು! ಅಸ್ಸೂಲಿಯ ಕಾಲದ ಪ್ರೇಕ್ಷಕರು ಅಲ್ಲಿದ್ದಿದ್ದರೆ ಕೊರ್ಚ್‌ನಾಯ್‌ರನ್ನು ಅಭಿನಂದಿಸಿ ಎದ್ದು ಹೋಗುತ್ತಿದ್ದರು. ಗೆಲುವು, ಸೋಲು, ಸಮ ಎಂಬುವೆಲ್ಲ ಮನುಷ್ಯರು ಕಾಲಕಾಲಕ್ಕೆ ಮಾಡಿಕೊಂಡ ಒಪ್ಪಂದಗಳು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಪ್ರೇಕ್ಷಕರ ತಾಳ್ಮೆಗೆ ನಿಜವಾದ ಪರೀಕ್ಷೆ ಬಂದದ್ದು 1984ರಲ್ಲಿ. ಸೆಪ್ಟೆಂಬರ್‌ನಲ್ಲಿ ಮಾಸ್ಕೋದಲ್ಲಿ ಕಾರ್ಪೊವ್ ಎದುರು 21 ವರ್ಷದ ಗ್ಯಾರಿ ಕಾಸ್ಪರೊವ್ ಕುಳಿತರು. ಮೊದಲು ಆರು ಆಟ ಗೆದ್ದವರಿಗೆ ಪಟ್ಟ, ಡ್ರಾಗಳಿಗೆ ಲೆಕ್ಕವಿಲ್ಲ. ಒಂಬತ್ತು ಆಟಗಳಲ್ಲೇ ಕಾರ್ಪೊವ್ ನಾಲ್ಕನ್ನು ಗೆದ್ದರು. ಆಮೇಲೆ ಹತ್ತನೆಯ ಆಟದಿಂದ ಇಪ್ಪತ್ತಾರನೆಯದರವರೆಗೆ ಸತತ 17 ಡ್ರಾ. ಇಪ್ಪತ್ತೇಳನೆಯದನ್ನು ಕಾರ್ಪೊವ್ ಗೆದ್ದು 5-0 ಆಯಿತು. ಇನ್ನೊಂದು ಗೆಲುವು ಸಾಕಿತ್ತು, ಅದು ಬರಲೇ ಇಲ್ಲ. ಮೂವತ್ತೆರಡನೆಯದನ್ನು ಕಾಸ್ಪರೊವ್ ಗೆದ್ದರು. ಮತ್ತೆ ಸತತ 14 ಡ್ರಾ. ಬಳಿಕ 47 ಮತ್ತು 48ನೆಯ ಆಟಗಳೂ ಕಾಸ್ಪರೊವ್ ಪಾಲಾದವು. 1985ರ ಫೆಬ್ರವರಿ 15ರಂದು ವಿಶ್ವ ಚೆಸ್ ಸಂಸ್ಥೆಯ ಅಧ್ಯಕ್ಷ ಕಾಂಪೊಮಾನೆಸ್, ಆಟಗಾರರು ಬಳಲಿದ್ದಾರೆಂದು ಹೇಳಿ ಪಂದ್ಯವನ್ನೇ ನಿಲ್ಲಿಸಿದರು. ಒಟ್ಟು 48 ಆಟ, 40 ಡ್ರಾ, ಫಲಿತಾಂಶ ಶೂನ್ಯ.

ಆದರೆ ಅದು ನಿಜಕ್ಕೂ ಶೂನ್ಯವೇ? ಆರಂಭದಲ್ಲಿ ಆತುರದಿಂದ ಮುನ್ನುಗ್ಗಿ ಸೋತ ಯುವಕ, ಆ ನೀರಸ ಡ್ರಾಗಳ ನಡುವೆಯೇ ಕಾಯುವುದನ್ನು ಕಲಿತ. ಜಗತ್ತಿನ ಅತ್ಯುತ್ತಮ ಆಟಗಾರನ ಎದುರು ಐದು ತಿಂಗಳು ಕುಳಿತು ಪಡೆದ ಪಾಠವದು. ಅದೇ ವರ್ಷ ನವೆಂಬರ್‌ನಲ್ಲಿ, 24 ಆಟಗಳ ಹೊಸ ಪಂದ್ಯದಲ್ಲಿ ಕಾಸ್ಪರೊವ್ 13-11ರಿಂದ ಗೆದ್ದು ವಿಶ್ವ ಚಾಂಪಿಯನ್ ಆದರು.

ಒಂದೇ ಆಟದ ಮಟ್ಟಿಗೆ ಹೇಳುವುದಾದರೆ ದಾಖಲೆ 1989ರ ಬೆಲ್‌ಗ್ರೇಡ್‌ನದು. ಇವಾನ್ ನಿಕೊಲಿಚ್ ಮತ್ತು ಗೊರಾನ್ ಅರ್ಸೊವಿಚ್ 269 ನಡೆಗಳನ್ನು, ಇಪ್ಪತ್ತು ಗಂಟೆಗೂ ಹೆಚ್ಚು ಕಾಲ ಆಡಿ ಡ್ರಾ ಮಾಡಿಕೊಂಡರು. ಕೊನೆಯ ನೂರಕ್ಕೂ ಹೆಚ್ಚು ನಡೆಗಳಲ್ಲಿ ಒಬ್ಬರ ಬಳಿ ಇದ್ದದ್ದು ಆನೆ ಮತ್ತು ಒಂಟೆ, ಇನ್ನೊಬ್ಬರ ಬಳಿ ಬರೇ ಆನೆ. ಐವತ್ತು ನಡೆಗಳಲ್ಲಿ ಯಾವ ಕಾಯಿಯೂ ಬೀಳದೆ, ಕಾಲಾಳೂ ಸರಿಯದೆ ಇದ್ದರೆ ಡ್ರಾ ಕೇಳಬಹುದೆಂಬುದು ನಿಯಮ. ಆದರೆ ಇಂಥ ಅಂತ್ಯದಾಟಕ್ಕೆ ಆಗ ನೂರು ನಡೆಗಳ ವಿನಾಯಿತಿ ಇತ್ತು. ಮುಂದೆ ಆ ವಿನಾಯಿತಿ ರದ್ದಾಯಿತು.

ಈಚಿನ ವರ್ಷಗಳಲ್ಲಿ ನೋಡುವ ಬಗೆ ಬದಲಾಗಿದೆ. 2018ರಲ್ಲಿ ಲಂಡನ್ನಿನಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ಫ್ಯಾಬಿಯಾನೊ ಕರುವಾನಾ ಹನ್ನೆರಡಕ್ಕೆ ಹನ್ನೆರಡೂ ಆಟಗಳನ್ನು ಡ್ರಾ ಮಾಡಿಕೊಂಡರು. ಮೊದಲನೆಯದೇ 115 ನಡೆ. ಅದನ್ನು ನೋಡಿದ ಲಕ್ಷಾಂತರ ಜನರ ಪರದೆಯ ಬದಿಯಲ್ಲಿ ಕಂಪ್ಯೂಟರಿನ ಅಂದಾಜು ಏರಿಳಿಯುತ್ತಿತ್ತು. ಯಾರು ಮುಂದಿದ್ದಾರೆ, ಯಾವ ನಡೆ ತಪ್ಪು ಎಂಬುದು ಆಟಗಾರನಿಗಿಂತ ಮೊದಲೇ ನೋಡುಗನಿಗೆ ಗೊತ್ತು. ಹಿಂದೆ ಮಣೆಯ ಸುತ್ತ ನೆರೆದವರು ಆಟಗಾರರಷ್ಟೇ ಕತ್ತಲಲ್ಲಿದ್ದರು. ಅವರ ಹಾಸ್ಯದಲ್ಲಿ ಆ ಕತ್ತಲಿನ ಸಮಾನತೆಯಿತ್ತು. ಇಂದು ಆಟ ಬಾರದವನೂ ವಿಶ್ವ ಚಾಂಪಿಯನ್ನನನ್ನು ದಡ್ಡನೆಂದು ಕರೆಯಬಲ್ಲ. ಯಂತ್ರ ನಮ್ಮನ್ನೆಲ್ಲ ಖಲೀಫರನ್ನಾಗಿ ಮಾಡಿದೆ.

2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ ನಡೆದದ್ದು ಈ ದೃಷ್ಟಿಯಿಂದ ನೆನಪಿಡಬೇಕಾದದ್ದು. ಡಿಂಗ್ ಲಿರೆನ್ ಮತ್ತು ಚೆನ್ನೈಯ 18 ವರ್ಷದ ಡಿ. ಗುಕೇಶ್ ನಡುವಿನ ಹದಿನಾಲ್ಕನೆಯ, ಕೊನೆಯ ಆಟ. ಗುಕೇಶ್ ಬಳಿ ಒಂದು ಕಾಲಾಳು ಹೆಚ್ಚಿತ್ತು. ಆದರೂ ಡ್ರಾ ಖಚಿತವೆಂದು ಯಂತ್ರವೂ ವೀಕ್ಷಕ ವಿವರಣೆಕಾರರೂ ಹೇಳುತ್ತಿದ್ದರು. ಇನ್ನೂ ಏಕೆ ಎಳೆಯುತ್ತಿದ್ದಾನೆ ಎಂದು ನಮ್ಮಲ್ಲಿ ಎಷ್ಟೋ ಮಂದಿ ಆಕಳಿಸುತ್ತಲೇ ಕೇಳಿದೆವು. ಐವತ್ತೈದನೆಯ ನಡೆಯಲ್ಲಿ ಡಿಂಗ್ ಆನೆಯನ್ನು ತಪ್ಪು ಮನೆಗಿಟ್ಟರು. ಮೂರು ನಡೆಗಳೊಳಗೆ ವಿಶ್ವ ಪಟ್ಟ ಕೈ ಬದಲಾಯಿತು. ಅದರ ಬೆನ್ನಿಗೇ, ಅಷ್ಟು ಹೊತ್ತು ಗುಕೇಶ್‌ರನ್ನು ಗೇಲಿ ಮಾಡಿದ ಬಾಯಿಗಳೇ ಡಿಂಗ್‌ರನ್ನು ಮೂದಲಿಸತೊಡಗಿದವು. ಮಾವರ್ದಿಯ ಕಥೆ ಮತ್ತೊಮ್ಮೆ ನಡೆಯಿತು.

ದೀರ್ಘ ಆಟದ ಮುಂದೆ ಕುಳಿತು ನಗಬಾರದೆಂದು ನಾವು ಹೇಳುತ್ತಿಲ್ಲ. ನಗೆಯಿಲ್ಲದೆ ಏಳು ಗಂಟೆ ಕೂರುವುದು ಯಾರಿಗೂ ಸಾಧ್ಯವಿಲ್ಲ. ಮಸೂದಿ ಇದನ್ನು ಸಾವಿರ ವರ್ಷಗಳ ಹಿಂದೆಯೇ ಅರಿತಿದ್ದ. ನಮ್ಮ ನಗೆ ಯಾವ ಬಗೆಯದು ಎಂಬುದಷ್ಟೇ ಪ್ರಶ್ನೆ. ಬಾವಿಯ ಹಗ್ಗಕ್ಕೆ ಕೈಕೊಟ್ಟವನ ಹಾಡು ಕೊಡವನ್ನು ಮೇಲೆತ್ತಲು ನೆರವಾಗುತ್ತದೆ. ಸಿಂಹಾಸನದ ಮೇಲಿನಿಂದ ಬಂದ ಮಾತು ಒಬ್ಬ ಮನುಷ್ಯನ ಹೆಸರನ್ನು ಕೆಡಿಸಿ ಹೋಗುತ್ತದೆ. ಮುಂದಿನ ಸಲ ಆಟವೊಂದು ನೂರು ನಡೆ ದಾಟಿದಾಗ, ಬಾಯಿಗೆ ಬಂದ ಹಾಸ್ಯ ಈ ಎರಡರಲ್ಲಿ ಯಾವುದಕ್ಕೆ ಸೇರಿದ್ದೆಂದು ನಾವು ಒಮ್ಮೆ ಕೇಳಿಕೊಳ್ಳೋಣ.